ಒದ್ದೆ ಜಡೆ

ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ಕೊಡೆಯಮ್ಮ ಬಾಗಿಲಲ್ಲೇ ಕೊಡೆ ಮಡಚಿ, ನೆಲದ ಮೇಲಿನ ಬಟ್ಟೆಚೂರುಗಳನ್ನು ತುಳಿಯದ ಹಾಗೆ ಒಳಗೆ ಬಂದಳು.

"ಮಗಳು ಇನ್ನು ಶಾಲೆಗೆ ಬರೋದಿಲ್ಲ, ಟೀಚರಮ್ಮ," ಎಂದ ಅವನು, ಸೂಜಿಯಿಂದ ಕಣ್ಣು ತೆಗೆಯದೆ.

ಕಡಲಾಚೆಯಿಂದ ಬಂದು ಕ್ರೈಸ್ತರ ಬ್ಯಾಪ್ಟಿಸ್ಟ್ ಸಭೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವಳು ಕೊಡೆಯಮ್ಮ. ಬಿಸಿಲಿರಲಿ, ಮೋಡವಿರಲಿ, ಕೊಡೆ ಕೈಬಿಟ್ಟವಳಲ್ಲವಾದ್ದರಿಂದ ಊರು ಆ ಹೆಸರಿಟ್ಟಿತ್ತು. ಶಾಲೆಗೆ ಮೊಟ್ಟಮೊದಲು ಬಂದವಳು ಈ ದರ್ಜಿಯ ಮಗಳು. ಅವಳನ್ನು ನೋಡಿಯೇ ಉಳಿದವರು ತಮ್ಮ ಹುಡುಗಿಯರನ್ನು ಕಳಿಸಿದ್ದರು. ಅವಳು ಬಿಟ್ಟರೆ ಉಳಿದವರೂ ಬಿಡಿಸಿಕೊಳ್ಳುತ್ತಾರೆ ಎಂಬುದು ಕೊಡೆಯಮ್ಮನಿಗೆ ಗೊತ್ತಿತ್ತು.

"ಯಾಕೆ ಅಂತಾದ್ರೂ ಹೇಳಿ."

"ತಲೆಯೆಲ್ಲ ಒದ್ದೆ ಮಾಡ್ಕೊಂಡು ಮನೆಗೆ ಬಂದಳು. ಕೇಳಿದ್ರೆ, ನಿಮ್ಮ ಪ್ರಾರ್ಥನಾ ಮಂದಿರದ ತೊಟ್ಟೀಲಿ ಬಿದ್ದೆ ಅಂತಾಳೆ. ಅದರಲ್ಲಿ ಮುಳುಗಿ ಎದ್ದೋರು ನಿಮ್ಮೋರಾಗ್ತಾರಂತಲ್ಲ?"

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅವನ ತಾಯಿ ದಾರ ಕಚ್ಚಿ ತುಂಡರಿಸಿದಳು. "ಹಾಗಾದ್ರೆ ಅಲ್ಲಿರೋ ಕಪ್ಪೆಗಳೆಲ್ಲ ಯಾವಾಗ್ಲೋ ಸಭೆ ಸೇರಿರ್ಬೇಕು."

"ಅಮ್ಮ, ನೀನು ಸುಮ್ನಿರು."

ಕೊಡೆಯಮ್ಮ ನಗು ನುಂಗಿಕೊಂಡಳು. "ತೊಟ್ಟಿ ತೊಳೆಯೋಕೆ ದೊಡ್ಡ ಹುಡುಗಿಯರನ್ನ ನಾನೇ ಕರೆದೆ. ನೀರು ಪೂರ್ತಿ ಹೋಗಿರಲಿಲ್ಲ, ಪಾಚಿ ಮೇಲೆ ಜಾರಿದಳು. ತಪ್ಪು ನನ್ನದು. ಆದ್ರೆ ನಮ್ಮ ದೀಕ್ಷಾಸ್ನಾನ ಹಾಗೆಲ್ಲ ಆಗೋದಿಲ್ಲ. ಬುದ್ಧಿ ಬಲಿತವರು ತಾವಾಗೇ ಬಂದು ಕೇಳಬೇಕು. ಕೇಳಿದ್ರೂ ಕಾಯಿಸ್ತೀವಿ. ನಮ್ಮವರ ಮಕ್ಕಳಿಗೂ ಅಷ್ಟೇ."

ಯಂತ್ರ ನಿಂತಿತು.

"ಅವಳು ನಿಮ್ಮೋಳಾಗಲಿ ಅಂತ ನಿಮಗೆ ಆಸೆ ಇಲ್ವಾ? ನಿಜ ಹೇಳಿ."

ಒಳಕೋಣೆಯ ಪರದೆಯ ಕೆಳಗೆ ಎರಡು ಬರಿಗಾಲುಗಳು ಕಾಣುತ್ತಿದ್ದವು. ಹೆಬ್ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು. ಇಲ್ಲ ಎಂದು ಒಂದು ಮಾತು ಅಂದರೆ ಸಾಕು, ಆ ಕಾಲುಗಳು ನಾಳೆ ಶಾಲೆಯಲ್ಲಿರುತ್ತವೆ. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಇದೆ," ಎಂದಳು ಕೊಡೆಯಮ್ಮ. "ದಿನಾ ಪ್ರಾರ್ಥನೇಲಿ ಕೇಳ್ಕೋತೀನಿ. ತರಗತೀಲಿ ಮಾತ್ರ ಕೇಳೋದಿಲ್ಲ. ಅಲ್ಲಿಗೆ ಅವಳು ಓದೋಕೆ ಬಂದಿರ್ತಾಳೆ."

ದರ್ಜಿ ಯಂತ್ರದ ಚಕ್ರವನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸುತ್ತ ಕೂತ. ಮುದುಕಿ ಸೂಜಿಗೆ ಹೊಸ ದಾರ ಪೋಣಿಸಿದಳು. ಕೊಡೆಯಮ್ಮ ಹೊರಟಳು. ಬಿಸಿಲು ಸುಡುತ್ತಿತ್ತು. ಕೊಡೆ ಬಿಚ್ಚಬೇಕೆಂಬುದು ಶಾಲೆಯ ಗೇಟು ಮುಟ್ಟುವವರೆಗೂ ಅವಳಿಗೆ ಹೊಳೆಯಲಿಲ್ಲ.

ಮರುದಿನ ಹಾಜರಿ ಕೂಗುವಾಗ ಒಂದು ಹೆಸರಿನ ಹತ್ತಿರ ಅವಳ ಬೆರಳು ನಿಂತಿತು. ಬಿಟ್ಟು ಮುಂದಿನದಕ್ಕೆ ಹೋಗಲೂ ಮನಸ್ಸಾಗದೆ ಮೆಲ್ಲಗೆ ಕೂಗಿದಳು.

"ಬಂದೆ, ಟೀಚರ್."

ದನಿ ಬಾಗಿಲಿನಿಂದ ಬಂದಿತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕಂಕುಳಲ್ಲಿ ಸ್ಲೇಟು, ಕೈಯಲ್ಲಿ ಅಂಚು ಹೊಲಿದ ಹೊಸ ಟವೆಲು.

"ಅಪ್ಪ ಕೊಟ್ರು. ಇನ್ನೊಂದ್ಸಲ ಬಿದ್ರೆ ಅಲ್ಲೇ ತಲೆ ಒರೆಸ್ಕೊಂಡು ಬಾ ಅಂದ್ರು."

ಹುಡುಗಿಯರೆಲ್ಲ ನಕ್ಕರು. ಕೊಡೆಯಮ್ಮ ಬರೆಯಲು ಏನೂ ಇಲ್ಲದಿದ್ದರೂ ಕಪ್ಪುಹಲಗೆಯ ಕಡೆ ತಿರುಗಿ ತುಸು ಹೊತ್ತು ನಿಂತಳು. ಆಮೇಲೆ ಟವೆಲನ್ನು ಇಸಿದುಕೊಂಡು, ಗೋಡೆಯ ಮೊಳೆಗೆ, ತನ್ನ ಕೊಡೆಯ ಪಕ್ಕದಲ್ಲಿ ನೇತುಹಾಕಿದಳು.