ಬೆರಳು ಬಿಡಿಸುವ ಅತ್ತಿಗೆ

ನನ್ನ ಅತ್ತಿಗೆ ಯಾರ ಮುಖವನ್ನೂ ಮೊದಲು ನೋಡುವವರಲ್ಲ, ಕೈ ನೋಡುತ್ತಾರೆ. ಮದುವೆಯಾಗಬೇಕಿದ್ದ ಹುಡುಗಿಯನ್ನು ನಾನು ಮೊದಲ ಸಲ ಮನೆಗೆ ಕರೆತಂದ ದಿನ, ಅಣ್ಣ ಅವಳ ಓದು, ಉದ್ಯೋಗ, ತಂದೆತಾಯಿಗಳ ವಿಚಾರಣೆಯಲ್ಲಿ ತೊಡಗಿದ್ದರೆ, ಅತ್ತಿಗೆ ಅವಳು ಚಹಾದ ಕಪ್ಪನ್ನು ಯಾವ ಬೆರಳುಗಳಲ್ಲಿ ಹಿಡಿದಿದ್ದಾಳೆಂಬುದನ್ನು ತದೇಕಚಿತ್ತರಾಗಿ ನೋಡಿ, ನನ್ನನ್ನು ಅಡುಗೆಮನೆಗೆ ಕರೆದು, "ಒಳ್ಳೇ ಹುಡುಗಿ ಕಣೋ, ಕತ್ತರಿ ಚೆನ್ನಾಗಿ ಹಿಡೀತಾಳೆ" ಎಂದರು. ಹದಿನೆಂಟು ವರ್ಷ ಕಳೆದರೂ ನನ್ನ ಹೆಂಡತಿ ತನಗೆ ಸಿಕ್ಕ ಪ್ರಶಂಸೆಗಳಲ್ಲಿ ಇದನ್ನೇ ಎಲ್ಲಕ್ಕಿಂತ ಮೇಲಿಟ್ಟಿದ್ದಾಳೆ.

ಅವರು ಶಿಶುವಿಹಾರದ ಟೀಚರು. ಮೂರಡಿಯ ಮನುಷ್ಯರ ನಡುವೆ ಮೂವತ್ತು ವರ್ಷ ಬಾಗಿ ಬಾಗಿ, ರಸ್ತೆಯಲ್ಲಿ ನಡೆಯುವಾಗಲೂ ಕಾಲ ಬಳಿ ಯಾರೋ ಕುಳಿತಿದ್ದಾರೆಂಬ ಎಚ್ಚರದಿಂದ ಹೆಜ್ಜೆಯಿಡುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಸೀರೆಯ ಮೇಲೆ ಅಣ್ಣನ ಹಳೆಯ ಕಚೇರಿಯ ಕೋಟು. ಅದರ ಜೇಬುಗಳ ತುಂಬ ಗುಂಡಿ, ಮಣಿ, ಬಟ್ಟೆಗೆ ಹಾಕುವ ಕ್ಲಿಪ್ಪು, ಸೀಮೆಸುಣ್ಣದ ತುಂಡು. "ನಿಮ್ಮತ್ತಿಗೆ ಎಲ್ಲಿದ್ದಾಳೆ ಅಂತ ಕಣ್ಣಲ್ಲಿ ಹುಡುಕಬೇಡ, ಕಿವಿಗೊಡು ಸಾಕು" ಎಂದು ಅಣ್ಣ ಛೇಡಿಸುತ್ತಿದ್ದ.

ಅವರ ತರಗತಿಯಲ್ಲಿ ಮೊದಲ ಆರು ತಿಂಗಳು ಪೆನ್ಸಿಲ್ಲಿಗೆ ಪ್ರವೇಶವಿರಲಿಲ್ಲ. ಅಕ್ಷರವೆಂಬುದು ಮೊದಲು ಭುಜಕ್ಕೆ ತಿಳಿಯಬೇಕು, ಭುಜದಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ಇಳಿದು ಕಟ್ಟಕಡೆಗೆ ಬೆರಳ ತುದಿಗೆ ಬರಬೇಕು ಎಂಬುದು ಅವರ ಅಚಲ ಸಿದ್ಧಾಂತ. ನೆಲದ ಮೇಲೆ ಬರೆದ ಆಳೆತ್ತರದ ಅಕ್ಷರದ ಗೆರೆಯಗುಂಟ ಮಕ್ಕಳು ನಡೆಯಬೇಕು. ಅದನ್ನೇ ಗಾಳಿಯಲ್ಲಿ ತೋಳು ಬೀಸಿ ಬರೆಯಬೇಕು. ನಾದಿದ ಹಿಟ್ಟನ್ನು ಉದ್ದಕ್ಕೆ ಹೊಸೆದು ಅಕ್ಷರವಾಗಿ ಸುತ್ತಬೇಕು. ತಟ್ಟೆಯಲ್ಲಿ ಹರಡಿದ ರವೆಯಲ್ಲಿ ಒಂದೇ ಬೆರಳಿನಿಂದ ತಿದ್ದಬೇಕು. "ಮೇಲಿಂದ ಕೆಳಗೆ, ನಿಧಾನ" ಎಂಬ ಮಾತನ್ನು ಅವರು ಅಕ್ಷರ ತಿದ್ದುವ ಮಗುವಿಗೂ ಹೇಳುತ್ತಿದ್ದರು, ಬಸ್ಸಿಳಿಯುವ ಮುದುಕರಿಗೂ ಹೇಳುತ್ತಿದ್ದರು.

ಅಕ್ಷರಮಾಲೆಯೂ ಅವರಲ್ಲಿ 'ಅ'ದಿಂದ ಶುರುವಾಗುತ್ತಿರಲಿಲ್ಲ, 'ಠ'ದಿಂದ. ಒಂದು ದುಂಡು, ನಡುವೆ ಒಂದು ಚುಕ್ಕೆ, ಮೇಲೊಂದು ತಲೆಕಟ್ಟು: ಎಳೆಯ ಕೈಗೆ ಬೇಕಾದ ಮೂರು ಚಲನೆಗಳೂ ಅದೊಂದರಲ್ಲೇ ಇವೆಯಂತೆ. ನಾನಿದ್ದಾಗಲೇ ಒಬ್ಬ ತಂದೆ ಮಗುವನ್ನೆತ್ತಿಕೊಂಡು ಜಗಳಕ್ಕೆ ಬಂದಿದ್ದ.

"ನಾಲ್ಕು ತಿಂಗಳಾಯ್ತು ಟೀಚರೇ, ಪಕ್ಕದ್ಮನೆ ಹುಡ್ಗ ಆಗ್ಲೇ ಪುಟಗಟ್ಟಲೆ ಬರೀತಾನೆ. ನಮ್ಮೋನು ಮನೇಲಿ ಹಿಟ್ಟು ಕೇಳ್ತಾನೆ. ಈ ಠ ಕಲಿತು ಏನ್ ಮಾಡೋದು?"

"ಬರೆಯೋದು ಎಲ್ಲಿಗೆ ಹೋಗತ್ತೆ, ಬರತ್ತೆ ಬಿಡಿ. ಮೊದ್ಲು ತನ್ನ ಗುಂಡಿ ತಾನು ಹಾಕ್ಕೊಳ್ಲಿ" ಎಂದರು ಅತ್ತಿಗೆ. ಅಷ್ಟರಲ್ಲಿ ಆ ಮಗು ತಂದೆಯ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೆಳಗಿನಿಂದ ಮತ್ತೆ ಹಾಕತೊಡಗಿತ್ತು. ಆತ ಮಗುವನ್ನು ತರಗತಿಯಲ್ಲೇ ಇಳಿಸಿ ಹೊರಟುಹೋದ.

ಅಕ್ಷರ ಮೊದಲ ಸಲ ಸರಿಯಾಗಿ ಮೂಡಿದ ದಿನ ಅತ್ತಿಗೆ ಚಪ್ಪಾಳೆ ತಟ್ಟಿ, "ಜಾಣಮರಿ!" ಎಂದು ಆ ಮಗುವಿನ ಮುಂಗೈ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ನಕ್ಷತ್ರ ಬರೆಯುತ್ತಿದ್ದರು. ಅದನ್ನು ಅಮ್ಮನಿಗೆ ತೋರಿಸುವವರೆಗೆ ಮಕ್ಕಳು ಕೈ ತೊಳೆಯಲು ಒಪ್ಪುತ್ತಿರಲಿಲ್ಲ.

ಅಣ್ಣ ನೀರಾವರಿ ಕಚೇರಿಯಲ್ಲಿ ನಕ್ಷೆ ಬರೆಯುವವನಾಗಿದ್ದ. ಅವನ ಕೈಯಕ್ಷರವನ್ನು ಅಚ್ಚಿನದೆಂದು ತಿಳಿದು ಮೇಲಧಿಕಾರಿಗಳೇ ಮೋಸಹೋದದ್ದುಂಟು. ಅವನಿಗೆ ಮಾತು ಕಡಿಮೆ, ಮಾನ ಹೆಚ್ಚು. ನಿವೃತ್ತನಾದ ಎರಡನೆಯ ವರ್ಷ ಪಾರ್ಶ್ವವಾಯು ಬಡಿದು ಆ ಬಲಗೈ ಬಿದ್ದುಹೋಯಿತು. ಮೊದಲ ಆರು ತಿಂಗಳಲ್ಲಿ ಎಷ್ಟು ಮರಳುತ್ತದೋ ಅಷ್ಟೇ, ಆಮೇಲೆ ಆಸೆಯಿಲ್ಲ ಎಂದರು ಡಾಕ್ಟರು.

ಅತ್ತಿಗೆ ರಜೆ ಹಾಕಿ ತರಗತಿಯನ್ನೇ ಮನೆಗೆ ತಂದರು. ಹಿಟ್ಟು, ಮಣಿ, ಕ್ಲಿಪ್ಪು, ರವೆಯ ತಟ್ಟೆ ಎಲ್ಲವೂ ಅಣ್ಣನ ಮಂಚದ ಪಕ್ಕದ ಮೇಜಿಗೆ ಬಂದವು. ಅವನು ಹಲ್ಲುಕಚ್ಚಿ ಎಲ್ಲಕ್ಕೂ ಒಡ್ಡಿಕೊಂಡ. ಭುಜ ಮಿಸುಕಿತು, ಮೊಣಕೈ ಮಡಚಿತು, ಹತ್ತನೆಯ ವಾರಕ್ಕೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು. ಆ ಸಂಗತಿಯನ್ನು ಫೋನಿನಲ್ಲಿ ಹೇಳುವಾಗ ಅತ್ತಿಗೆ ಅತ್ತುಬಿಟ್ಟರು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಹೋದಾಗ ಅಣ್ಣ ರವೆಯ ತಟ್ಟೆಯ ಮೇಲೆ ಬಾಗಿದ್ದ. ಹಣೆಯಲ್ಲಿ ಬೆವರು. ಬೆರಳು ನಡುಗುತ್ತ ಒಂದು ದುಂಡು ಸುತ್ತಿತು, ಚುಕ್ಕೆಯಿಟ್ಟಿತು, ಜಾರಿ, ಮತ್ತೆ ಮೇಲಕ್ಕೆ ಬಂದು ತಲೆಕಟ್ಟು ಎಳೆಯಿತು. ಅತ್ತಿಗೆ ಚಪ್ಪಾಳೆ ತಟ್ಟಿ, "ಜಾಣಮರಿ!" ಎಂದವರೇ, ಕೋಟಿನ ಜೇಬಿನಿಂದ ಕೆಂಪು ಪೆನ್ನು ತೆಗೆದು ಅವನ ಮುಂಗೈ ಮೇಲೆ ನಕ್ಷತ್ರ ಬರೆದುಬಿಟ್ಟರು.

ಅಣ್ಣ ಅದನ್ನು ನೋಡಿದ. ಆಮೇಲೆ ತೊದಲುವ ನಾಲಿಗೆಯಲ್ಲಿ, ಒಂದೊಂದೇ ಮಾತನ್ನು ಹೆಕ್ಕಿ, "ಅಣೆಕಟ್ಟಿನ ನಕ್ಷೆ ಬರೆದ ಕೈ ಕಣೇ ಇದು" ಎಂದ.

"ತಪ್ಪಾಯ್ತು ರೀ, ಅಭ್ಯಾಸ, ಅಭ್ಯಾಸ ನಂದು" ಎನ್ನುತ್ತ ಅತ್ತಿಗೆ ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದರು. ಶಾಯಿ ಹೋಯಿತು. ಅಣ್ಣ ಕೈಯನ್ನು ಎಳೆದುಕೊಂಡು ಮುಷ್ಟಿ ಕಟ್ಟಿ ಹೊದಿಕೆಯೊಳಗಿಟ್ಟ. ಮರುದಿನವೂ ತೆಗೆಯಲಿಲ್ಲ, ಮರುವಾರವೂ ತೆಗೆಯಲಿಲ್ಲ. ಅತ್ತಿಗೆಯ ಮೇಲೆ ಅವನು ರೇಗಲಿಲ್ಲ, ಊಟ ಬಿಡಲಿಲ್ಲ, ಎಡಗೈಯಲ್ಲಿ ಪತ್ರಿಕೆ ಮಗುಚುತ್ತ ಇದ್ದ. ನಾನು ಬುದ್ಧಿ ಹೇಳಲು ಹೋದರೆ ಗೋಡೆಯ ಕಡೆ ತಿರುಗಿಕೊಂಡ. ಕಟ್ಟಿದ ಮುಷ್ಟಿ ದಿನದಿಂದ ದಿನಕ್ಕೆ ಏನಾಗುತ್ತದೆಂಬುದು ಆ ಮನೆಯಲ್ಲಿ ಅತ್ತಿಗೆಯಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಡಾಕ್ಟರು ಹೇಳಿದ್ದ ಆರು ತಿಂಗಳು ಹಾಗೆಯೇ ಮುಗಿದವು. ಅದಾದ ಮೂರನೆಯ ತಿಂಗಳಲ್ಲಿ ಎರಡನೆಯ ಆಘಾತ ಅವನನ್ನು ಒಯ್ದಿತು. ಸೆಟೆದ ಬೆರಳುಗಳನ್ನು ಬಿಡಿಸಲು ನೋಡಿ ನಾವೆಲ್ಲ ಸೋತಮೇಲೆ ಅತ್ತಿಗೆ ಬಂದು, ಕಿರುಬೆರಳಿನಿಂದ ಶುರುಮಾಡಿ, ನಿಧಾನವಾಗಿ ಬಿಡಿಸಿದರು.

"ಕೈ ಒಂದನ್ನೇ ನೋಡ್ದೆ ಕಣೋ. ಯಾರ ಕೈ ಅನ್ನೋದೇ ಮರೆತುಹೋಯ್ತು" ಎಂದರು ಆ ದಿನ. ಆಮೇಲೆ ಅವರು ಶಾಲೆಗೆ ಮರಳಿ ಇನ್ನೂ ಮೂರು ವರ್ಷ ಪಾಠ ಹೇಳಿದರು. ಕೆಂಪು ಪೆನ್ನು ಮಾತ್ರ ಮುಟ್ಟಲಿಲ್ಲ.

ಮೊದಲ ಅಕ್ಷರ ತಿದ್ದಿಸುವವರ ಪಾಡೇ ಇದೆಂದು ಕಾಣುತ್ತದೆ. ನಾವು ಗುಂಡಿ ಹಾಕಿಕೊಳ್ಳುತ್ತೇವೆ, ಸೂಜಿಗೆ ದಾರ ಪೋಣಿಸುತ್ತೇವೆ, ರುಜು ಮಾಡುತ್ತೇವೆ. ಆ ಬೆರಳುಗಳನ್ನು ಬಿಡಿಸಿಕೊಟ್ಟವರ ಮುಖ ಮಾತ್ರ ಯಾರಿಗೂ ನೆನಪಿರುವುದಿಲ್ಲ, ಏಕೆಂದರೆ ಸ್ಮೃತಿ ಹುಟ್ಟುವ ಮುನ್ನವೇ ಅವರ ಕೆಲಸ ಮುಗಿದಿರುತ್ತದೆ. ನೆನಪಿಡಲೆಂದು ಅವರೂ ಬಯಸುವುದಿಲ್ಲ. ಅತ್ತಿಗೆ ಸಾವಿರಾರು ಕೈಗಳನ್ನು ತಿದ್ದಿದರು. ಅವರ ಶಿಷ್ಯರಲ್ಲಿ ಟೀಚರನ್ನು ಕಡೆಯವರೆಗೆ ನೆನಪಿಡುವಷ್ಟು ವಯಸ್ಸಾಗಿದ್ದವನು ಅಣ್ಣನೊಬ್ಬನೇ. ಅವನು ನೆನಪಿಟ್ಟುಕೊಂಡು ಹೋದದ್ದು ಆ ಒಂದು ಬೆಳಗನ್ನು.