ಮೂರನೇ ಕಲ್ಲು

ಕಿರ್ರೆಂದಿತು ಟೈರು, ಇನ್ನೊಂದು ಕಾರು ಕಲ್ಲು ಬಳಸಿಕೊಂಡು ಹೋಯಿತು, ಬಳಸಿಕೊಂಡೇ ಹೋಗಿರಬೇಕು, ಗುದ್ದಿದ ಸದ್ದು ಬರಲಿಲ್ಲ, ನಾನು ಕತ್ತು ತಿರುಗಿಸಿ ನೋಡುವ ಹಾಗಿಲ್ಲ, ಅಟೆನ್ಷನ್‌ನಲ್ಲಿ ನಿಂತವನು, ಕ್ಯಾಪಿನ ಒಳಗಿಂದ ಬೆವರು ಇಳಿದು ಕಿವಿಯ ಹಿಂದೆ ಹರಿಯುತ್ತಿದೆ, ಒರೆಸಿಕೊಳ್ಳುವ ಹಾಗೂ ಇಲ್ಲ — ತಿಮ್ಮರಾಜು, ನೀನು ತಂಗುದಾಣದ ಪಕ್ಕ ಯೂನಿಫಾರ್ಮಲ್ಲಿ ನಿಂತ್ಕೊ, ಕಾರ್ಯಕ್ರಮ ಮುಗಿಯೋಗಂಟ ಅಲ್ಲಾಡ್ಬೇಡ, ಫೋಟೋದಲ್ಲಿ ಚೆನ್ನಾಗಿ ಕಾಣ್ತದೆ, ಅಂದರು ಇನ್‌ಸ್ಪೆಕ್ಟರ್ ಸಾಹೇಬರು, ಕೆಂಪಯ್ಯನವರನ್ನು ಕೂರಿಸಿಕೊಂಡು ಹೆದ್ದಾರಿ ಗಸ್ತಿನ ಗಾಡಿ ಓಡಿಸಿದವನು ನಾನೇ ಅಲ್ಲವೇ, ನಾನು ನಿಲ್ಲದೆ ಇನ್ಯಾರು ನಿಲ್ಲಬೇಕು, ನಿಂತಿದ್ದೇನೆ, ಬಿಳಿಗೆರೆ ದಾಟಿದ ಮೇಲಿನ ತಿರುವು, ಹೋದ ವರ್ಷ ಎ.ಎಸ್.ಐ. ಕೆಂಪಯ್ಯನವರು ಡ್ಯೂಟಿಯ ಮೇಲೆ ಸತ್ತ ತಿರುವು, ಇವತ್ತು ಇಲ್ಲಿ ಅವರ ಹೆಸರಿನ ಬಸ್ ತಂಗುದಾಣ, ಅಮೃತಶಿಲೆಯ ಫಲಕ, ಶಾಮಿಯಾನ, ಆ ಶಾಮಿಯಾನ ರಸ್ತೆಯೊಳಕ್ಕೇ ಕಾಲು ಚಾಚಿದೆ, ಗಾಡಿಗಳು ಆ ಕಡೆಯಿಂದ ಹೋಗಲಿ ಅಂತ ಟಾರಿನ ಮೇಲೆ ಮೂರು ಕಲ್ಲು ಇಟ್ಟು ಅವುಗಳ ಅಡಿಗೆ ಹಸಿ ತೆಂಗಿನ ಗರಿ ಸಿಕ್ಕಿಸಿದ್ದಾರೆ. ಕಲ್ಲು. ಈ ಜಾಗದಲ್ಲಿ. ಈ ಮನುಷ್ಯನ ಕಾರ್ಯಕ್ರಮಕ್ಕೆ. ಬೆಳಿಗ್ಗೆ ಕಂಡ ಕೂಡಲೇ ಎತ್ತಿಹಾಕಲು ಬಗ್ಗಿದೆ, ಇರ್ಲಿ ಬುಡಿ ಸಾ, ಜನ ಕೂತವ್ರೆ, ಮುಗುದ್ಮೇಲೆ ನಾವೇ ತೆಗೀತೀವಿ, ಅಂದ ಶಾಮಿಯಾನದವನು, ರಸ್ತೆಗೆ ಇಡುವ ನಮ್ಮ ಗಾಡಿಯ ಕೆಂಪು ಕೋನುಗಳು ಎಲ್ಲಯ್ಯ ಅಂದರೆ ಅತಿಥಿಗಳ ಕಾರು ನಿಲ್ಲುವ ಜಾಗವನ್ನು ಕಾಯುತ್ತಿವೆಯಂತೆ.

ಮೈಕು ಕುಯ್ಯೆನ್ನುತ್ತದೆ, ಕೊಬ್ಬರಿ ಮಂಡಿಯ ರುದ್ರೇಶ್ ಮಾತಾಡುತ್ತಿದ್ದಾನೆ, ತಂಗುದಾಣ ಕಟ್ಟಿಸಿದ ದಾನಿ, ನಮ್ಮ ಕೆಂಪಯ್ಯನೋರು ದೇವರಂಥ ಮನ್ಸ ಕಣ್ರೀ, ಈ ರಸ್ತೆ ಕಾಯಕ್ಕೇ ಹುಟ್ಟಿದ್ರು — ಹೌದಪ್ಪ, ಹುಟ್ಟಿದರು, ನಿಮ್ಮ ಲಾರಿಗಳ ಹಿಂದೆ ಕಲ್ಲು ಹೆಕ್ಕುವುದಕ್ಕೇ ಹುಟ್ಟಿದರು, ಈ ಸೀಮೆಯಲ್ಲಿ ಕೊಬ್ಬರಿ ಲಾರಿ ಕೆಡಲಿ, ಕಾಯಿಸಿಪ್ಪೆ ತುಂಬಿದ ಟ್ರ್ಯಾಕ್ಟರ್ ಕೆಡಲಿ, ಇಳಿದವನು ಮೊದಲು ಹುಡುಕುವುದು ಕಲ್ಲು, ಆಮೇಲೆ ಪಕ್ಕದ ತೋಟದಿಂದ ಒಂದು ಗರಿ, ಅದು ಸರಿ, ಹಿಂದೆ ಬರುವವನ ಜೀವ ಉಳಿಯಲಿ ಅಂತ ಇಡುವುದು, ಅಜ್ಜಂದಿರ ಕಾಲದ ಒಳ್ಳೆಯ ಪದ್ಧತಿ, ಗಾಡಿ ರಿಪೇರಿಯಾದ ಮೇಲೆ ಮಾತ್ರ ಎಲ್ಲರಿಗೂ ಅರ್ಜೆಂಟು, ಮಂಡಿಯಲ್ಲಿ ಹರಾಜು ತಪ್ಪಿಹೋಗುತ್ತದೆ, ಕಲ್ಲು ಅಲ್ಲೇ, ಗರಿ ಒಣಗಿ ಟಾರಿಗೇ ಅಂಟಿಕೊಳ್ಳುತ್ತದೆ, ಮಬ್ಬಿನಲ್ಲಿ ಬೈಕಿನವನೊಬ್ಬ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುತ್ತಾನೆ, ಅವನ ಹಣೆಬರಹ ಅಂದುಬಿಟ್ಟರೆ ಮುಗಿಯಿತು. ಕೆಂಪಯ್ಯನವರು ಹಣೆಬರಹ ಅನ್ನುತ್ತಿರಲಿಲ್ಲ, ನಿಲ್ಸ್ಲಾ ತಿಮ್ಮರಾಜು, ಅಲ್ಲಿ ಯಾವನೋ ಮೊಟ್ಟೆ ಇಕ್ಕವ್ನೆ, ಸಾರ್ ನಾನಿಳೀತೀನಿ ಅಂದರೆ, ನೀನು ದೀಪ ಹಾಕ್ಕಂಡು ಗಾಡಿ ಅಡ್ಡ ನಿಲ್ಸು, ಅದು ನಿನ್ ಕೆಲ್ಸ, ಇದು ನಂದು, ಬಗ್ಗಿ, ಉಸ್ಸೆಂದು, ಕಲ್ಲನ್ನು ಹೊಟ್ಟೆಗೆ ಅವಚಿಕೊಂಡು, ಮಗು ಎತ್ತಿಕೊಂಡವರ ಹಾಗೆ ಮೆಲ್ಲಗೆ ನಡೆದು ಚರಂಡಿಗೆ ಹಾಕಿ, ಅಂಗಿ ಕೊಡವಿಕೊಂಡು ಬಂದು ಕೂರುವರು, ಇಡಕ್ಕೆ ಬತ್ತದೆ ನನ್ಮಕ್ಳಿಗೆ, ತೆಗೆಯಕ್ಕೆ ಸೊಂಟ ನೋಯ್ತದೆ. ಠಾಣೆಯಲ್ಲಿ ಕಲ್ಲು ಕೆಂಪಯ್ಯ ಅಂತ ಹೆಸರು, ಟೀ ಅಂಗಡಿಯಲ್ಲಿ ಕೇಳುವರು, ಏನ್ ಸಾ, ಮನೆ ಕಟ್ಟಕ್ಕೆ ಸಾಕಾಗೋ ಅಷ್ಟು ಆಯ್ತಾ, ಅವರೂ ನಗುವರು, ಖಾಕಿ ಅಂಗಿಯ ಹೊಟ್ಟೆಯ ಹತ್ತಿರ ಯಾವಾಗಲೂ ಒಂದು ಕೆಮ್ಮಣ್ಣಿನ ಕಲೆ, ಮನೆಯಲ್ಲಿ ಚಿಕ್ಕಗೌರಕ್ಕ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ಚಿಕ್ಕಗೌರಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಾರೆ, ಕೆಂಪಯ್ಯನವರ ಹೆಂಡತಿ, ಹೆಗಲ ಮೇಲೆ ಈಗ ತಾನೇ ಹೊದಿಸಿದ ಶಾಲು, ಹೊದಿಸಿದವನು ರುದ್ರೇಶ್, ಬೇಡ ಅನ್ನಲಿಲ್ಲ, ತಲೆ ಬಗ್ಗಿಸಿ ಹೊದಿಸಿಕೊಂಡರು, ಅವರ ಮೇಲೂ ಸಿಟ್ಟು ಬರುತ್ತಿದೆ ನನಗೆ, ಯಾಕಕ್ಕ ಬಂದೆ, ಗೊತ್ತಿದ್ದೂ ಯಾಕೆ ಬಂದೆ — ಗೊತ್ತು ಅವರಿಗೆ, ನಾನೇ ಹೇಳಿದ್ದೆ, ತಿಥಿಯ ದಿನ ಹಿತ್ತಿಲಲ್ಲಿ ಕೂರಿಸಿಕೊಂಡು ಕೇಳಿದ್ದರು, ಕಡೇಗಳ್ಗೇಲಿ ಅವ್ರ ಕೈಲಿ ಏನಿತ್ತಪ್ಪ, ಕಲ್ಲು ಕಣಕ್ಕ, ಯಾರಿಟ್ಟ ಕಲ್ಲು, ಹೇಳಿದೆ. ಆ ಸಂಜೆ, ದೀಪ ಹಚ್ಚುವ ಹೊತ್ತು, ತಿಪಟೂರಿನ ಕಡೆಗೆ ಹೋಗುವಾಗ ಇದೇ ತಿರುವಿನಲ್ಲಿ ರುದ್ರೇಶನ ಮಂಡಿಯ ಲಾರಿ ಟೈರು ಸಿಡಿದು ನಿಂತಿತ್ತು, ಹಿಂದೆ ಮೂರು ಕಲ್ಲು, ಗರಿ, ಕೆಂಪಯ್ಯನವರು ಇಳಿದು ಹೋಗಿ ಹೇಳಿದರು, ಹೋಗೋವಾಗ ಕಲ್ಲು ತೆಗ್ದು ಹೋಗಪ್ಪ, ಡ್ರೈವರ್ ಟೈರಿನಿಂದ ತಲೆ ಎತ್ತದೆ, ತೆಗೀತೀವಿ ಬುಡಿ ಸಾ. ನಾವು ವಾಪಸ್ ಬಂದಾಗ ಲಾರಿ ಇಲ್ಲ, ಕಲ್ಲು ಇವೆ. ನಾನು ಗಾಡಿ ಅಡ್ಡ ಹಾಕಿ ದೀಪ ಹಾಕಿದೆ, ಅವರು ಇಳಿದರು, ಒಂದು ಕಲ್ಲು ಚರಂಡಿಗೆ, ಎರಡನೆಯದು ಚರಂಡಿಗೆ, ಮೂರನೆಯದು ದೊಡ್ಡದು, ಹೊಟ್ಟೆಗೆ ಅವಚಿಕೊಂಡು ಸೊಂಟ ನೆಟ್ಟಗೆ ಮಾಡಿದರು, ನನ್ನ ಕಡೆ ನೋಡಿ ಏನೋ ಅನ್ನಲು ಬಾಯಿ ತೆರೆದರು, ಕಾರೊಂದು ನಮ್ಮ ದೀಪಕ್ಕೂ ಬೆಲೆ ಕೊಡದೆ ಗಾಡಿಯ ಪಕ್ಕದಲ್ಲಿ ನುಗ್ಗಿತು, ಅಷ್ಟೇ, ಟಾರಿನ ಮೇಲೆ ಮಲಗಿದ್ದರು, ಕೈ ಬಿಟ್ಟಿರಲಿಲ್ಲ, ಕಲ್ಲು ಹೊಟ್ಟೆಯ ಮೇಲೇ ಇತ್ತು, ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಿದೆ. ಸುತ್ತ ನಿಂತವರ ಕೈಯಲ್ಲಿ ಮೊಬೈಲು, ವೀಡಿಯೋ, ಕಾಲು ಹಿಡೀರಪ್ಪ ಅಂದರೆ ಒಬ್ಬನೂ ಬಗ್ಗಲಿಲ್ಲ, ಇವತ್ತು ಅವರೇ ಚಪ್ಪಾಳೆ ತಟ್ಟುತ್ತಿದ್ದಾರೆ. ಹೇಳಿಕೆ ಕೊಡುವಾಗ ಲಾರಿಯ ನಂಬರನ್ನೂ ಹೇಳಿದೆ, ಗುದ್ದಿದ್ದು ಕಾರು ಕಣಯ್ಯ, ಕಲ್ಲಲ್ಲ, ಅಂದರು ಸಾಹೇಬರು, ಕಾರಿನವನು ಜಾಮೀನಿನ ಮೇಲೆ ಹೊರಗಿದ್ದಾನೆ, ಲಾರಿ ಇದೇ ರಸ್ತೆಯಲ್ಲಿ ಓಡಾಡುತ್ತಿದೆ, ಅಟ್ಟದ ಮೇಲೆ ವರ್ಷ ಕಳೆದ ಕಾಯಿಯಲ್ಲಿ ಒಣಗಿದ ಕೊಬ್ಬರಿ ಗಿಟುಕು ಕುಲುಕುವ ಹಾಗೆ ನನ್ನೊಳಗೆ ಸಿಟ್ಟು ಕುಲುಕುತ್ತಿದೆ, ಒಡೆದರೆ ಎಲ್ಲಿ ಒಡೆಯಲಿ, ಮತ್ತೆ ಟೈರಿನ ಸದ್ದು, ಈ ಕಲ್ಲುಗಳನ್ನು ಶಾಮಿಯಾನದವನು ಎಲ್ಲಿಂದ ತಂದ, ಇಷ್ಟು ಬೇಗ ಇನ್ನೆಲ್ಲಿ ಸಿಗುತ್ತವೆ, ಕೆಂಪಯ್ಯನವರು ಹಾಕಿದ ಈ ಚರಂಡಿಯಿಂದಲೇ ಎತ್ತಿದ್ದಾನೆ.

ಈಗ ಒಂದು ನಿಮಿಷ ಮೌನಾಚರಣೆ, ಎಲ್ಲರೂ ಎದ್ದರು, ಕುರ್ಚಿಗಳು ಕಿರುಗುಟ್ಟಿದವು, ಮೌನ, ಹೆದ್ದಾರಿಗೆ ಎಲ್ಲಿಯ ಮೌನ, ಬಸ್ಸಿನ ಹಾರ್ನು, ಬ್ರೇಕು, ಬೈಕಿನವನೊಬ್ಬ ಕಲ್ಲಿನ ಹತ್ತಿರ ವಾಲಿದ, ಹಿಂದೆ ಕೂತ ಹೆಂಗಸು ಅವನ ಅಂಗಿ ಹಿಡಿದಳು, ಸಾವರಿಸಿಕೊಂಡು ಹೋದರು, ಕಣ್ಣು ಮುಚ್ಚಿದವರು ಯಾರೂ ನೋಡಲಿಲ್ಲ, ನಾನು ಮುಚ್ಚಿರಲಿಲ್ಲ, ಕತ್ತೂ ತಿರುಗಿಸಿದ್ದೆ, ಚಿಕ್ಕಗೌರಕ್ಕನೂ ಮುಚ್ಚಿಲ್ಲ, ಅವರು ಗಂಡನ ಫೋಟೋ ನೋಡುತ್ತಿಲ್ಲ, ಫೋಟೋಗೆ ಹಾಕಿದ ಕೊಬ್ಬರಿ ಹಾರ ನೋಡುತ್ತಿಲ್ಲ, ಕತ್ತು ಪೂರ್ತಿ ತಿರುಗಿಸಿ ರಸ್ತೆ ನೋಡುತ್ತಿದ್ದಾರೆ. ಮುಗಿಯಿತು, ವಂದನೆ, ಊಟಕ್ಕೆ ಏಳಿ, ಅತಿಥಿಗಳ ಕಾರು ಹೊರಟಿತು, ಹೊರಡುತ್ತಾ ನಮ್ಮ ಕೋನೊಂದನ್ನು ಚಪ್ಪಟೆ ಮಾಡಿತು, ಶಾಮಿಯಾನದವನು ಚಿತ್ರಾನ್ನದ ತಟ್ಟೆ ಹಿಡಿದು ಕೂತಿದ್ದಾನೆ, ಕಲ್ಲು ಅಲ್ಲೇ. ಯಾರ ಅಪ್ಪಣೆಗೂ ಕಾಯದೆ ನಡೆದೆ, ತಿಮ್ಮರಾಜು, ಊಟ ಮಾಡ್ ಬಾರಪ್ಪ, ಅದನ್ನ ಶಾಮಿಯಾನದೋರು ತೆಗೀತಾರೆ ಬುಡು, ಅಂದ ರುದ್ರೇಶ್, ಕೈಯಲ್ಲಿ ತಟ್ಟೆ — ಅವತ್ತು ನಿಮ್ ಡ್ರೈವರ್ರೂ ಇದೇ ಮಾತಂದಿದ್ದು ಕಣ್ರೀ, ತೆಗೀತೀವಿ ಬುಡಿ ಅಂತ — ಅಂದೇಬಿಟ್ಟೆ, ತುತ್ತು ಹಿಡಿದ ಅವನ ಕೈ ನಿಂತಿತು, ಪಕ್ಕದವರು ಎಲ್ಲೆಲ್ಲೋ ನೋಡಿದರು, ಆಗಿದ್ದು ಆಗೋಯ್ತು ಕಣಪ್ಪ, ಬೇಕೂಂತ ಯಾರಾನ ಮಾಡ್ತಾರಾ, ಅದುಕ್ಕೇ ಅಲ್ವಾ ನಾನಿದನ್ನ ಕಟ್ಸಿದ್ದು. ಅದಕ್ಕೇ ಕಟ್ಟಿಸಿದ್ದು. ಹಾಗಾದರೆ ಗೊತ್ತಿತ್ತು, ಮೈಕಿನಲ್ಲಿ ದೇವರು ಅನ್ನುವಾಗಲೂ ಗೊತ್ತಿತ್ತು, ಶಾಲು ಹೊದಿಸುವಾಗಲೂ, ಗೊತ್ತಿದ್ದೂ ಈ ಕಲ್ಲುಗಳ ಪಕ್ಕದಲ್ಲೇ ಕಾರು ಇಳಿದು ಒಳಗೆ ಬಂದ, ಬಗ್ಗಲಿಲ್ಲ, ಅಮೃತಶಿಲೆ ಕೊಡುತ್ತಾನೆ, ಬಗ್ಗುವುದಿಲ್ಲ, ಹೊಡೆದುಬಿಡುತ್ತೇನೆ ಅನ್ನಿಸಿ ರಸ್ತೆಗೆ ಓಡಿದೆ.

ಒಂದು ಕಲ್ಲು ಚರಂಡಿಗೆ, ಎರಡನೆಯದು ಚರಂಡಿಗೆ, ಹಾರ್ನು, ತಿರುಗಿದರೆ ಮೂರನೆಯದರ ಹತ್ತಿರ ಚಿಕ್ಕಗೌರಕ್ಕ, ಯಾವಾಗ ಬಂದರೋ, ಬಗ್ಗಿದ್ದಾರೆ, ಶಾಲು ಟಾರಿನ ಮೇಲೆ ಬಿದ್ದಿದೆ, ತಿರುವಿನಲ್ಲಿ ಲಾರಿ, ನಾನು ನಡುರಸ್ತೆಗೆ ನುಗ್ಗಿ ಎರಡೂ ಕೈ ಎತ್ತಿದೆ, ಈ ಸಲ ಇಲ್ಲ, ಈ ಸಲ ನನ್ನ ಮೇಲೆ ಹತ್ತಿಸಿಕೊಂಡು ಹೋಗಲಿ, ಬ್ರೇಕು, ಸುಟ್ಟ ರಬ್ಬರಿನ ವಾಸನೆ, ನಿಂತಿತು, ನನ್ನ ಎದೆಯಿಂದ ಒಂದು ಮಾರು ದೂರದಲ್ಲಿ ನಿಂತಿತು, ಅದರ ಹಿಂದೆ ಇನ್ನೊಂದು, ಅಕ್ಕ ಲಾರಿಯ ಕಡೆ ನೋಡಲೇ ಇಲ್ಲ, ಚರಂಡಿಯ ಕಡೆಗೂ ಹೋಗಲಿಲ್ಲ, ಕಲ್ಲನ್ನು ಎತ್ತಿಕೊಂಡು, ಉಸ್ಸೆಂದು, ಶಾಮಿಯಾನದ ಒಳಕ್ಕೆ ನಡೆದರು, ಜನ ದಾರಿ ಬಿಟ್ಟರು, ರುದ್ರೇಶನ ಮುಂದೆ ನಿಂತರು, ತಗಳಪ್ಪ ರುದ್ರೇಶಪ್ಪ, ನಿಮ್ದೊಂದು ಕಲ್ಲು ನಮ್ಮನೆಯೋರ ಕೈಲೇ ಉಳ್ಕಂಬುಟ್ಟಿತ್ತು, ಕೊಟ್ಟೋಗಾನ ಅಂತ ಬಂದೆ — ಅದಕ್ಕೇ ಬಂದದ್ದು, ಅಕ್ಕ, ಅದಕ್ಕೇ ಬಂದದ್ದು, ಅವನು ತಟ್ಟೆ ಹಿಡಿದು ನಿಂತಿದ್ದಾನೆ, ಕೈ ಚಾಚುತ್ತಿಲ್ಲ, ಅವರು ಕೆಳಗಿಡುತ್ತಿಲ್ಲ, ತಗಳಪ್ಪ, ಹಾರ್ನು, ಹಾರ್ನು, ಎತ್ತಿದ ನನ್ನ ಕೈ ಇಳಿಯುತ್ತಿಲ್ಲ, ಅಕ್ಕನ ಸೀರೆಯ ಮೇಲೆ ಕೆಮ್ಮಣ್ಣು, ಅದೇ ಜಾಗ, ಅದೇ ಕಲೆ, ಬೆರಳು ಬಿಳಿಚಿಕೊಂಡಿವೆ, ಯಾರು ಬಿಡಿಸಬೇಕು ಆ ಬೆರಳು, ಹೊಟ್ಟೆಗೆ ಅವಚಿಕೊಂಡ ಕಲ್ಲು, ತಗಳಪ್ಪ, ಹೊಟ್ಟೆಗೆ ಅವಚಿಕೊಂಡ ಕಲ್ಲು —