ಅಮ್ಮ ನುಂಗಿದ ಸಾಲು

ಬೆಳಗ್ಗೆ ವ್ಯಾನಿನ ಕೀಲಿ ಹುಡುಕುವ ಮೊದಲೇ ಗಂಡ ಶೆಲ್ಫಿನ ಮೇಲಿದ್ದ ಸ್ಪೀಕರಿನ ಗುಂಡಿ ಒತ್ತುತ್ತಿದ್ದ. ಯೇಸುವಿನ ಹಾಡುಗಳು ಶುರುವಾದವೆಂದರೆ ಮಗಳು ಮಲಗುವ ತನಕ ನಿಲ್ಲುತ್ತಿರಲಿಲ್ಲ. ಅವಳನ್ನು ಕೂರಿಸಿಕೊಂಡು ಬೈಬಲ್ ಓದಿಸಲು ಡ್ರೈವರನಾದ ತನಗೆ ಪುರುಸೊತ್ತಿಲ್ಲ, ಕಿವಿಗೆ ಬೀಳುತ್ತಾ ಇದ್ದರೆ ಭಕ್ತಿ ತಾನಾಗಿ ಬೇರೂರುತ್ತದೆ ಎಂಬುದು ಅವನ ಲೆಕ್ಕ.

ಅದೇ ಕೋಣೆಯ ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಮೆಷಿನ್ನು. ಜಿಪ್ ಬದಲಿಸುವುದು, ಪ್ಯಾಂಟಿನ ಉದ್ದ ತಗ್ಗಿಸುವುದು ಅವಳ ಕೆಲಸ. ಸ್ಪೀಕರಿಗೂ ಅವಳ ತಲೆಗೂ ನಡುವೆ ಒಂದು ಮೊಳ ಜಾಗ. ಆರಿಸುವಂತಿಲ್ಲ, ಯಾಕೆಂದು ಕೇಳಿದರೆ ಏನು ಹೇಳುವುದು? ಅವಳ ತಂಗಿ ಜ್ವರದಲ್ಲಿ ಮಲಗಿದ್ದಾಗ ಮನೆಮಂದಿಯೆಲ್ಲ ಮೊಣಕಾಲೂರಿ ಬೇಡಿಕೊಂಡಿದ್ದರು. ತಂಗಿ ಉಳಿಯಲಿಲ್ಲ. ಅಂದು ಅವಳೊಳಗೆ ಏನೋ ಕಳಚಿಬಿದ್ದದ್ದನ್ನು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಚರ್ಚಿಗೆ ಹೋಗುತ್ತಿದ್ದಳು, ಹೊಲಿಯುತ್ತಾ ಆ ಹಾಡುಗಳನ್ನೇ ಗುನುಗುತ್ತಿದ್ದಳು.

ಒಂದು ಭಾನುವಾರ ಮಕ್ಕಳಿಗೆ ಹಾಡು ಕಲಿಸುವ ಟೀಚರಮ್ಮ ಗಂಡ ಹೆಂಡತಿ ಇಬ್ಬರನ್ನೂ ಪಕ್ಕಕ್ಕೆ ಕರೆದರು. ಮಗಳು ಗುಬ್ಬಿ ಎಲ್ಲವನ್ನೂ ಚೆನ್ನಾಗಿ ಹಾಡುತ್ತಾಳೆ, ಆದರೆ ‘ನೀನೆಂದೂ ನನ್ನ ಕೈ ಬಿಡಲಿಲ್ಲ’ ಎಂಬ ಸಾಲು ಬಂದರೆ ಬಾಯಿ ಮುಚ್ಚಿಬಿಡುತ್ತಾಳೆ ಎಂದರು.

ದಿನಾ ಕೇಳೋ ಹಾಡಲ್ಲವಾ ಎಂದು ಗಂಡ ನಕ್ಕು, ಮಗಳನ್ನೇ ಕರೆದು ಕೇಳಿದ.

“ಅಲ್ಲಿ ಹಾಡಬಾರದು, ಅಪ್ಪ. ಅಮ್ಮ ಅಲ್ಲಿ ಸುಮ್ಮನಾಗ್ತಾಳೆ.”

ಆ ಸಾಲನ್ನು ತಾನು ನುಂಗುತ್ತಿದ್ದದ್ದು ಹೆಂಡತಿಗೇ ಗೊತ್ತಿರಲಿಲ್ಲ. ಸ್ಪೀಕರ್ ಅಷ್ಟೆಲ್ಲ ಬಡಿದುಕೊಂಡರೂ ಮಗು ಕಿವಿಗೊಟ್ಟದ್ದು ತನ್ನ ಗುನುಗಿಗೆ. ಗಂಡ ಮುಖ ನೋಡಿದ. ದಾರ ಕಚ್ಚಿಕೊಂಡಿರುತ್ತೇನೆ, ಅಷ್ಟೇ ಎಂದು ತೇಲಿಸಿದಳು.

ಮರುದಿನ ಅವನು ಹೊರಟ ಮೇಲೆ ಗುಬ್ಬಿಯನ್ನು ಬಟ್ಟೆರಾಶಿಯ ಪಕ್ಕ ಕೂರಿಸಿಕೊಂಡು, ಆ ಸಾಲು ಒಳ್ಳೆಯದೇ, ನೀನು ಹಾಡು ಎಂದಳು. ನೀನು ಯಾಕೆ ಹಾಡಲ್ಲ ಎಂದು ಗುಬ್ಬಿ ಪಟ್ಟು ಹಿಡಿದಳು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ನಂಗೆ ಅದು ಹೌದು ಅನ್ನಿಸಲ್ಲ ಕಣೇ. ಚಿಕ್ಕಮ್ಮ ಹೋದಾಗಿಂದ.”

ಗುಬ್ಬಿ ಅಮ್ಮನ ಸೆರಗು ಹಿಡಿದುಕೊಂಡಳು. “ಹಾಗಾದ್ರೆ ನಿಂಗೆ ಅನ್ನಿಸೋ ತನಕ ನಾನೂ ಹಾಡಲ್ಲ. ಇಲ್ಲಾಂದ್ರೆ ನೀನು ಒಬ್ಬಳೇ ಆಗ್ತೀಯ.”

ಎಷ್ಟು ಪುಸಲಾಯಿಸಿದರೂ ಜಗ್ಗಲಿಲ್ಲ. ಅಪ್ಪನಿಗೆ ಹೇಳಬೇಡ ಎಂದದ್ದಕ್ಕೆ ಮಾತ್ರ ತಲೆಯಾಡಿಸಿದಳು.

ಚರ್ಚಿನಲ್ಲಿ ಮಕ್ಕಳು ಹಾಡುವ ದಿನ ಬಂತು. ಗುಬ್ಬಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆ ಸಾಲು ಬಂದಾಗ ಅವಳ ಕಣ್ಣುಗಳು ಜನರ ನಡುವೆ ಅಮ್ಮನನ್ನು ಹುಡುಕಿ ಅಲ್ಲೇ ನೆಟ್ಟವು. ತುಟಿ ಬಿಗಿದುಕೊಂಡೇ ಇತ್ತು. ಟೀಚರಮ್ಮನ ಹುಬ್ಬು ಗಂಟಿಕ್ಕಿತು, ಗಂಡ ತಲೆ ತಗ್ಗಿಸಿದ. ಆ ಸಾಲಿದ್ದ ಪಲ್ಲವಿ ಮತ್ತೆ ತಿರುಗಿ ಬಂತು. ಅಷ್ಟು ಪುಟ್ಟ ಹೆಗಲ ಮೇಲೆ ತನ್ನ ಭಾರ ಹೇರಲು ತಾಯಿಗೆ ಮನಸ್ಸಾಗಲಿಲ್ಲ. ಕೂತಲ್ಲಿಂದಲೇ, ತುಟಿ ಕಾಣುವ ಹಾಗೆ, ಆ ಸಾಲು ಹಾಡಿದಳು. ಗುಬ್ಬಿಯ ಮುಖ ಅರಳಿ, ಅವಳ ದನಿ ಇಡೀ ಗುಂಪನ್ನು ಮೀರಿಸಿತು.

ಮನೆಗೆ ಬರುವಾಗ ಗುಬ್ಬಿ ಅಮ್ಮನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದಳು: “ಈಗ ಹೌದು ಅನ್ನಿಸ್ತಾ?”

“ಹ್ಞೂಂ,” ಎಂದಳು.

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಉಳಿಯಲಿಲ್ಲ. ಆ ಹಾಡು ಬಂದಾಗಲೆಲ್ಲ ಗುಬ್ಬಿ ಎಲ್ಲಿದ್ದರೂ ಓಡಿಬಂದು ಮೆಷಿನ್ನಿಗೆ ಒರಗಿ ನಿಲ್ಲುತ್ತಾಳೆ, ಅಮ್ಮನ ಬಾಯಿ ನೋಡುತ್ತಾಳೆ. ತನ್ನ ಲೆಕ್ಕ ಸರಿಹೋಯಿತೆಂಬ ಖುಷಿಯಲ್ಲಿ ಗಂಡ ಸ್ಪೀಕರಿನ ದನಿ ಏರಿಸುತ್ತಾನೆ. ಅವಳು ಪೆಡಲಿನಿಂದ ಕಾಲು ತೆಗೆದು, ಮಗಳ ಮುಖ ನೋಡುತ್ತಾ ಪೂರ್ತಿ ಹಾಡುತ್ತಾಳೆ.